ಕೊಳವೆ ದೀಪದ ಬಿಳಿ ಪುಡಿ

ಹೇಳಿದ ಮಾತು ತಡವಾಗಿ ಅರ್ಥವಾಗುವವರನ್ನು ನಮ್ಮಲ್ಲಿ ‘ಟ್ಯೂಬ್‌ಲೈಟ್’ ಎಂದು ಗೇಲಿ ಮಾಡುವುದುಂಟು. ಸ್ವಿಚ್ ಹಾಕಿದ ಮೇಲೆ ಎರಡು ಮೂರು ಸಲ ಮಿಣುಕಿ, ಯಾರಾದರೂ ಸ್ಟೂಲ್ ಹತ್ತಿ ಸ್ಟಾರ್ಟರನ್ನು ಒಂದಿಷ್ಟು ತಿರುಗಿಸಿದ ಮೇಲೆ ಹತ್ತಿಕೊಳ್ಳುತ್ತಿದ್ದ ಆ ಉದ್ದನೆಯ ದೀಪ ನಮ್ಮ ಬದುಕಿನ ಎಷ್ಟೊಂದು ಸಂದರ್ಭಗಳಿಗೆ ಸಾಕ್ಷಿಯಾಗಿದೆ! ಶಾಲೆ, ಕಚೇರಿ, ಆಸ್ಪತ್ರೆಯ ವಾರ್ಡು, ಬಸ್ ನಿಲ್ದಾಣ, ಮದುವೆ ಮನೆಯ ಚಪ್ಪರ ಎಲ್ಲ ಕಡೆಯೂ ಅದರದ್ದೇ ಬೆಳಕು. ಪರೀಕ್ಷೆಗೆ ಓದಿದ್ದು ಅದರ ಕೆಳಗೆ. ನೆಂಟರಿಷ್ಟರ ಸಾವಿನ ರಾತ್ರಿ ಅಂಗಳದಲ್ಲಿ ಕುಳಿತದ್ದೂ ಅದರ ಕೆಳಗೆಯೇ.

ಹಾಳಾದ ಟ್ಯೂಬನ್ನು ಹಿತ್ತಿಲ ತಿಪ್ಪೆಗೆ ಎಸೆಯುತ್ತಿದ್ದ ಕಾಲವನ್ನೂ ನಾವು ಕಂಡಿದ್ದೇವೆ. ಹುಡುಗರಾಗಿದ್ದ ನಮಗೆ ಅದನ್ನು ಕಲ್ಲಿನಿಂದ ಹೊಡೆದು ‘ಢಂ’ ಎನಿಸುವುದೇ ಒಂದು ಸಂಭ್ರಮ. ಒಡೆದ ಗಾಜಿನ ಒಳಮೈಯನ್ನು ಬೆರಳಿನಿಂದ ಸವರಿದರೆ ಸುಣ್ಣದಂತಹ ಬಿಳಿ ಪುಡಿ ಅಂಟಿಕೊಳ್ಳುತ್ತಿತ್ತು. ಹಿರಿಯರು ‘ವಿಷ, ಮುಟ್ಟಬೇಡಿ’ ಎಂದು ಗದರಿಸುತ್ತಿದ್ದರು. ಆದರೆ ಅದು ಏನು, ಎಲ್ಲಿಂದ ಬಂತು, ಅದನ್ನು ಗಾಜಿನೊಳಗೆ ಬಳಿದವರು ಯಾರು ಎಂದು ನಾವು ಕೇಳಲಿಲ್ಲ. ಗದರಿಸಿದವರಿಗೂ ಅದು ತಿಳಿದಿರಲಿಲ್ಲ.

ಈಗ ಆ ದೀಪ ನಮ್ಮ ಗೋಡೆಗಳಿಂದ ಇಳಿಯುತ್ತಿದೆ. ಅದರ ಜಾಗಕ್ಕೆ ಎಲ್‌ಇಡಿ ಬಂದಿದೆ. ಬೀಳ್ಕೊಡುವ ಈ ಹೊತ್ತಿನಲ್ಲಾದರೂ ಬಿಳಿ ಪುಡಿಯ ಚರಿತ್ರೆಯನ್ನು ಒಮ್ಮೆ ತೆರೆದು ನೋಡುವುದು ಉಚಿತ. ದೀಪಗಳ ಚರಿತ್ರೆಯನ್ನು ಸಾಮಾನ್ಯವಾಗಿ ಸಂಶೋಧಕರ ಹೆಸರುಗಳ ಪಟ್ಟಿಯಾಗಿ ಹೇಳಲಾಗುತ್ತದೆ. ಆದರೆ ಈ ಪುಡಿಗೆ ಇನ್ನೊಂದು ಚರಿತ್ರೆಯಿದೆ. ಅದು ಪುಡಿಯನ್ನು ಅರೆದವರ, ಕಲಸಿದವರ, ಉಸಿರಾಡಿದವರ ಚರಿತ್ರೆ.

ಕಾಣದ ಬೆಳಕನ್ನು ಕಾಣಿಸುವ ಪುಡಿ

ಮೊದಲಿಗೆ ಈ ಪುಡಿಯ ಕೆಲಸವೇನೆಂದು ನೋಡೋಣ. ಟ್ಯೂಬ್‌ಲೈಟಿನ ಒಳಗೆ ಗಾಳಿ ಇರುವುದಿಲ್ಲ. ಅಲ್ಲಿರುವುದು ಸ್ವಲ್ಪ ಆರ್ಗಾನ್‌ನಂತಹ ಅನಿಲ ಮತ್ತು ಒಂದು ಚೂರು ಪಾದರಸ. ವಿದ್ಯುತ್ ಹರಿದಾಗ ಪಾದರಸದ ಆವಿ ಬೆಳಗುತ್ತದೆ. ಆದರೆ ಅದರ ಬೆಳಕಿನ ಬಹುಪಾಲು ನಮ್ಮ ಕಣ್ಣಿಗೆ ಕಾಣುವಂಥದ್ದಲ್ಲ. ಅದು ಅತಿನೇರಳೆ ಕಿರಣ; ಅದರ ತರಂಗಾಂತರ 254 ನ್ಯಾನೋಮೀಟರ್. ಪುಡಿ ಬಳಿಯದ ಬರೀ ಗಾಜಿನ ಕೊಳವೆಯಾಗಿದ್ದರೆ ಮಂಕಾದ ನೀಲಿ ಬೆಳಕಷ್ಟೇ ಕಾಣುತ್ತಿತ್ತು. ಕೂದಲೆಳೆಗಿಂತ ತೆಳುವಾಗಿ ಬಳಿದ ಆ ಬಿಳಿ ಪುಡಿ ಅತಿನೇರಳೆ ಕಿರಣವನ್ನು ಹೀರಿಕೊಂಡು, ಕಣ್ಣಿಗೆ ಕಾಣುವ ಬೆಳಕಾಗಿ ಮಾರ್ಪಡಿಸಿ ಹೊರಗೆ ಕಳುಹಿಸುತ್ತದೆ. ನಾವು ಟ್ಯೂಬ್‌ಲೈಟಿನ ಬೆಳಕು ಎನ್ನುವುದು ನಿಜಕ್ಕೂ ಈ ಪುಡಿಯ ಬೆಳಕು.

ಇಂತಹ ಪುಡಿಗೆ ‘ಫಾಸ್ಫರ್’ ಎನ್ನುತ್ತಾರೆ. ಬೆಂಕಿಪೊಟ್ಟಣದ ನೆನಪು ತರುವ ರಂಜಕ, ಅಂದರೆ ಫಾಸ್ಫರಸ್ ಬೇರೆ, ಇದು ಬೇರೆ. ಫಾಸ್ಫರ್ ಎಂಬುದು ಒಂದು ಧಾತುವಿನ ಹೆಸರಲ್ಲ. ಶಕ್ತಿಯನ್ನು ಹೀರಿ ಬೆಳಕು ಸೂಸುವ ಪದಾರ್ಥಗಳಿಗೆಲ್ಲ ಇರುವ ಒಟ್ಟು ಹೆಸರು.

ಇದರ ಕತೆ ಆರಂಭವಾಗುವುದು ಇಟಲಿಯ ಬೊಲೋನ್ಯಾ ನಗರದಲ್ಲಿ. ಪಾದರಕ್ಷೆ ಹೊಲಿಯುವ ಕಾಯಕದ ವಿಂಚೆಂಝೋ ಕಾಶಿಯರೋಲೋ ಎಂಬಾತನಿಗೆ ರಸವಿದ್ಯೆಯ ಹುಚ್ಚು. 1603ರ ಸುಮಾರಿಗೆ ಆತ ಸಮೀಪದ ಬೆಟ್ಟದಿಂದ ತಂದ ಭಾರವಾದ ಕಲ್ಲೊಂದನ್ನು ಇದ್ದಿಲಿನೊಂದಿಗೆ ಕಾಯಿಸಿದ. ಚಿನ್ನ ಸಿಗಲಿಲ್ಲ. ಬದಲಿಗೆ ಬಿಸಿಲಿಗೆ ಒಡ್ಡಿದ ಆ ಕಲ್ಲು ಕತ್ತಲಲ್ಲಿ ಕೆಂಡದಂತೆ ಮಿನುಗತೊಡಗಿತು. ಯೂರೋಪಿನ ಪಂಡಿತರೆಲ್ಲ ಅದನ್ನು ನೋಡಿ ಬೆರಗಾದರು. ಮುಂದೆ 1852ರಲ್ಲಿ ಇಂಗ್ಲೆಂಡಿನ ಜಾರ್ಜ್ ಸ್ಟೋಕ್ಸ್, ಮಲೇರಿಯಾಕ್ಕೆ ಕೊಡುವ ಕ್ವಿನೈನ್‌ನ ದ್ರಾವಣವನ್ನು ಸೂರ್ಯನ ಅತಿನೇರಳೆ ಕಿರಣಕ್ಕೆ ಹಿಡಿದಾಗ ಅದು ನೀಲಿಯಾಗಿ ಹೊಳೆಯುವುದನ್ನು ವಿವರಿಸಿದ. ಈ ಗುಣಕ್ಕೆ ‘ಫ್ಲೋರೆಸೆನ್ಸ್’ ಎಂದು ಹೆಸರಿಟ್ಟವನೂ ಆತನೇ. ಕನ್ನಡದಲ್ಲಿ ನಾವು ಪ್ರತಿದೀಪ್ತಿ ಎನ್ನುತ್ತೇವೆ. 1857ರಲ್ಲಿ ಫ್ರಾನ್ಸಿನ ಎಡ್ಮಂಡ್ ಬೆಕರಲ್ ಇಂತಹ ಪದಾರ್ಥಗಳನ್ನು ವಿದ್ಯುತ್ ಹರಿಯುವ ಗಾಜಿನ ಕೊಳವೆಗಳ ಒಳಗಿಟ್ಟು ಬೆಳಗಿಸಿದ. ತತ್ತ್ವದಲ್ಲಿ ಟ್ಯೂಬ್‌ಲೈಟ್ ಅಂದೇ ಹುಟ್ಟಿತ್ತು. ಅದು ನಮ್ಮ ಮನೆಗೆ ಬರಲು ಮಾತ್ರ ಒಂದು ಶತಮಾನ ಹಿಡಿಯಿತು. ‘ತಡವಾಗಿ ಹತ್ತುವ’ ಗುಣ ಅದರ ಹುಟ್ಟಿನಲ್ಲೇ ಇತ್ತೇನೋ!

ಮೊದಲ ಬಲಿ

ಈ ಹಾದಿಯ ಮೊದಲ ಬಲಿ ಗಾಜು ಊದುವ ಒಬ್ಬ ಕುಶಲಕರ್ಮಿ. 1895ರ ಕೊನೆಯಲ್ಲಿ ಎಕ್ಸ್-ರೇ ಕಿರಣದ ಪತ್ತೆಯಾದ ಸುದ್ದಿ ಬಂದೊಡನೆ ಅಮೆರಿಕದ ಥಾಮಸ್ ಎಡಿಸನ್ ತನ್ನ ಪ್ರಯೋಗಾಲಯದ ಬಲವನ್ನೆಲ್ಲ ಅತ್ತ ಹೊರಳಿಸಿದ. ಯಾವ ಪದಾರ್ಥ ಆ ಕಿರಣಕ್ಕೆ ಚೆನ್ನಾಗಿ ಹೊಳೆಯುತ್ತದೆ ಎಂದು ಸಾವಿರಾರು ರಾಸಾಯನಿಕಗಳನ್ನು ಪರೀಕ್ಷಿಸಲಾಯಿತು. ಕ್ಯಾಲ್ಸಿಯಂ ಟಂಗ್‌ಸ್ಟೇಟ್ ಎಂಬುದು ಎಲ್ಲಕ್ಕಿಂತ ಮೇಲೆಂದು ಕಂಡುಬಂತು. ಅದನ್ನು ಕೊಳವೆಯ ಒಳಗೆ ಬಳಿದು ಎಡಿಸನ್ 1896ರಲ್ಲಿ ಒಂದು ದೀಪವನ್ನೂ ಮಾಡಿದ. ಆ ಕೊಳವೆಗಳನ್ನು ತಯಾರಿಸಿ, ದಿನವಿಡೀ ಪರೀಕ್ಷಿಸುತ್ತಿದ್ದವನು ಕ್ಲಾರೆನ್ಸ್ ಡಾಲಿ. ಕಿರಣ ಸರಿಯಾಗಿ ಬರುತ್ತಿದೆಯೇ ಎಂದು ನೋಡಲು ಆತ ತನ್ನ ಕೈಯನ್ನೇ ಅಡ್ಡ ಹಿಡಿಯುತ್ತಿದ್ದ. ಮೊದಲು ಚರ್ಮ ಸುಟ್ಟಿತು, ಕೂದಲು ಉದುರಿತು. ಆಮೇಲೆ ಹುಣ್ಣು, ಹುಣ್ಣಿನಿಂದ ಕ್ಯಾನ್ಸರ್. ಒಂದಾದ ಮೇಲೆ ಒಂದರಂತೆ ಎರಡು ತೋಳುಗಳನ್ನೂ ಕತ್ತರಿಸಬೇಕಾಯಿತು. 1904ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ ಡಾಲಿ ತೀರಿಕೊಂಡ. ಸಹಾಯಕನ ಈ ದುರವಸ್ಥೆಯನ್ನು ಕಣ್ಣಾರೆ ಕಂಡ ಎಡಿಸನ್ ಎಕ್ಸ್-ರೇ ಕೆಲಸವನ್ನೂ ಆ ದೀಪವನ್ನೂ ಕೈಬಿಟ್ಟ.

ಡಾಲಿಯ ಪ್ರಾಣ ತೆಗೆದದ್ದು ಪುಡಿಯಲ್ಲ, ಕಿರಣ. ಆದರೆ ಆತನ ಸಾವಿನಲ್ಲಿ ಮುಂದೆ ಬರಲಿದ್ದ ಕತೆಯ ಮುನ್ಸೂಚನೆ ಇತ್ತು. ಹೊಸ ಬೆಳಕಿನ ಬಳಿ ಎಲ್ಲರಿಗಿಂತ ಹತ್ತಿರ, ಎಲ್ಲರಿಗಿಂತ ಹೆಚ್ಚು ಹೊತ್ತು ನಿಲ್ಲುವವರು ಕೆಲಸಗಾರರು. ಅಪಾಯ ಮೊದಲು ತಟ್ಟುವುದೂ ಅವರಿಗೇ. ಮುಂದೆ ಅಮೆರಿಕದಲ್ಲೇ ಗಡಿಯಾರದ ಅಂಕಿಗಳು ಕತ್ತಲಲ್ಲಿ ಹೊಳೆಯಲೆಂದು ಸತುವಿನ ಸಲ್ಫೈಡಿಗೆ ರೇಡಿಯಂ ಬೆರೆಸಿದ ಬಣ್ಣವನ್ನು ಹಚ್ಚುತ್ತಿದ್ದ ಹುಡುಗಿಯರು, ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುತ್ತಾ ದವಡೆ ಕೊಳೆತು ಸತ್ತರು. ಅದೂ ಹೊಳೆಯುವ ಪುಡಿಯೇ. 1928ರಲ್ಲಿ ಅವರಲ್ಲಿ ಐವರ ಮೊಕದ್ದಮೆ ರಾಜಿಯಲ್ಲಿ ಮುಗಿದು ಜಗತ್ತಿಗೆಲ್ಲ ಸುದ್ದಿಯಾಗಿತ್ತು. ಪಾಠ ಕಲಿಯಲು ಅದು ಸಾಕಾಗಬೇಕಿತ್ತು. ಸಾಕಾಗಲಿಲ್ಲ.

ಟ್ಯೂಬ್‌ಲೈಟಿನ ಆಗಮನ

1901ರಲ್ಲಿ ಅಮೆರಿಕದ ಪೀಟರ್ ಕೂಪರ್ ಹೆವಿಟ್ ಪಾದರಸದ ಆವಿಯ ದೀಪಕ್ಕೆ ಪೇಟೆಂಟ್ ಪಡೆದ. ಬಲ್ಬಿಗಿಂತ ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಬೆಳಕು ಕೊಡುವ ದೀಪ ಅದು. ಆದರೆ ಆ ಬೆಳಕಿನಲ್ಲಿ ಕೆಂಪಿನ ಅಂಶವೇ ಇರಲಿಲ್ಲ. ನೀಲಿ-ಹಸಿರು ಬೆಳಕಿನಲ್ಲಿ ಜೀವಂತ ಮನುಷ್ಯರ ತುಟಿ ಕಪ್ಪಾಗಿ, ಮುಖ ಹೆಣದಂತೆ ಕಾಣುತ್ತಿತ್ತು. ಕಾರ್ಖಾನೆಗಳಿಗೆ, ಫೋಟೋ ಸ್ಟುಡಿಯೋಗಳಿಗೆ ಅದು ನಡೆಯಿತು. ಮನೆಗೆ ಯಾರೂ ತರಲಿಲ್ಲ. ಬೇಕಾಗಿದ್ದದ್ದು ಆ ಬೆಳಕಿನ ಬಣ್ಣವನ್ನು ತಿದ್ದುವ ಪುಡಿ.

1926ರಲ್ಲಿ ಜರ್ಮನಿಯ ಎಡ್ಮಂಡ್ ಗೆರ್ಮರ್ ತನ್ನ ಇಬ್ಬರು ಸಂಗಡಿಗರೊಂದಿಗೆ, ಪಾದರಸದ ಕೊಳವೆಗೆ ಪ್ರತಿದೀಪ್ತಿಯ ಪುಡಿ ಬಳಿಯುವ ಕುರಿತು ಪೇಟೆಂಟ್ ಅರ್ಜಿ ಹಾಕಿದ. 1934ರಲ್ಲಿ ಇಂಗ್ಲೆಂಡಿಗೆ ಹೋಗಿದ್ದ ಭೌತವಿಜ್ಞಾನಿ ಆರ್ಥರ್ ಕಾಂಪ್ಟನ್ ಅಲ್ಲಿ ಹಸಿರಾಗಿ ಬೆಳಗುತ್ತಿದ್ದ ಅಂತಹ ಕೊಳವೆಯೊಂದರ ಪ್ರಯೋಗವನ್ನು ಕಂಡು, ಅದರ ವಿಚಾರವನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಗೆ ಬರೆದ. ಆ ಕಂಪನಿಯಲ್ಲಿ ಜಾರ್ಜ್ ಇನ್‌ಮನ್ ನೇತೃತ್ವದ ತಂಡ ಕೆಲಸಕ್ಕಿಳಿಯಿತು. 1938ರಲ್ಲಿ ಟ್ಯೂಬ್‌ಲೈಟ್ ಮಾರುಕಟ್ಟೆಗೆ ಬಂತು. ಮರುವರ್ಷ ನ್ಯೂಯಾರ್ಕಿನ ವಿಶ್ವ ಮೇಳದಲ್ಲಿ ಸಾವಿರಾರು ಜನ ಅದನ್ನು ಬೆರಗಿನಿಂದ ನೋಡಿದರು. ಒಂದು ವ್ಯಾಟ್ ವಿದ್ಯುತ್ತಿಗೆ ಬಲ್ಬು ಕೊಡುವುದಕ್ಕಿಂತ ಹಲವು ಪಟ್ಟು ಹೆಚ್ಚು ಬೆಳಕು, ಅದೂ ಕಣ್ಣು ಕುಕ್ಕದ ತಂಪು ಬೆಳಕು!

ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು. ಹಗಲು ರಾತ್ರಿಯೆನ್ನದೆ ನಡೆಯುವ ಶಸ್ತ್ರಾಸ್ತ್ರ ಕಾರ್ಖಾನೆಗಳಿಗೆ ಕಡಿಮೆ ಖರ್ಚಿನ ಬೆಳಕು ಬೇಕಾಗಿತ್ತು. ಟ್ಯೂಬ್‌ಲೈಟಿಗೆ ಎಲ್ಲಿಲ್ಲದ ಬೇಡಿಕೆ. 1951ರ ಹೊತ್ತಿಗೆ ಅಮೆರಿಕದಲ್ಲಿ ಬಲ್ಬುಗಳು ಕೊಡುವ ಬೆಳಕಿಗಿಂತ ಟ್ಯೂಬುಗಳು ಕೊಡುವ ಬೆಳಕೇ ಹೆಚ್ಚಾಯಿತು.

ಆ ಮೊದಲ ಟ್ಯೂಬುಗಳಲ್ಲಿ ಇದ್ದ ಪುಡಿ ಒಂದೇ ಅಲ್ಲ, ಹಲವು ಪುಡಿಗಳ ಮಿಶ್ರಣ. ಒಂದು ನೀಲಿ, ಒಂದು ಹಸಿರು, ಒಂದು ಗುಲಾಬಿ ಬೆಳಕು ಕೊಡುತ್ತಿತ್ತು. ಹಳದಿ, ಕಿತ್ತಳೆಯ ಅಂಶ ತುಂಬಲು ಸಿಕ್ಕ ಒಳ್ಳೆಯ ಪುಡಿ ಎಂದರೆ ಸತು ಮತ್ತು ಬೆರಿಲಿಯಂನ ಸಿಲಿಕೇಟ್. ಬೆರಿಲಿಯಂ ಬಹಳ ಹಗುರವಾದ ಲೋಹ. ಪಚ್ಚೆಯ ಹರಳಿನಲ್ಲಿರುವುದೂ ಅದೇ. ಆದರೆ ಅದರ ಧೂಳು ಮನುಷ್ಯನ ಶ್ವಾಸಕೋಶವನ್ನು ಹೊಕ್ಕರೆ ಏನಾಗುತ್ತದೆ ಎಂಬುದನ್ನು ದೀಪದ ಕಂಪನಿಗಳು ವಿಚಾರಿಸಲು ಹೋಗಲಿಲ್ಲ.

ಸೇಲಂನ ಹುಡುಗಿಯರು

ಅಮೆರಿಕದ ಮಸಾಚುಸೆಟ್ಸ್ ರಾಜ್ಯದಲ್ಲಿ ಸೇಲಂ ಎಂಬ ಊರಿದೆ. ನಮ್ಮ ನೆರೆಯ ತಮಿಳುನಾಡಿನ ಸೇಲಂ ಅಲ್ಲ. ಅಲ್ಲಿ ಟ್ಯೂಬ್‌ಲೈಟ್ ತಯಾರಿಸುವ ದೊಡ್ಡ ಕಾರ್ಖಾನೆಯಿತ್ತು. ಪುಡಿಯನ್ನು ಅರೆದು, ಜರಡಿ ಹಿಡಿದು, ಅಂಟಿನ ದ್ರಾವಣದಲ್ಲಿ ಕಲಸಿ ಕೊಳವೆಯೊಳಗೆ ಹರಿಸಬೇಕು. ನಂತರ ಕುಲುಮೆಯಲ್ಲಿ ಕಾಯಿಸಿ ಅಂಟನ್ನು ಸುಡಬೇಕು. ಕೊಳವೆಯ ತುದಿಗಳಲ್ಲಿ ಹೆಚ್ಚಾದ ಪುಡಿಯನ್ನು ಒರೆಸಿ ತೆಗೆಯಬೇಕು. ಇಂತಹ ಕೆಲಸಗಳಲ್ಲಿದ್ದವರು ಹೆಚ್ಚಾಗಿ ಯುವತಿಯರು. ಯುದ್ಧದ ಕಾಲದಲ್ಲಿ ಇಂತಹ ಕಾರ್ಖಾನೆಗಳೇ ಅವರಿಗೆ ಸಂಬಳದ ದಾರಿ.

1940ರ ದಶಕದ ನಡುಭಾಗದಲ್ಲಿ ಈ ಹುಡುಗಿಯರಲ್ಲಿ ಕೆಲವರಿಗೆ ಒಣಕೆಮ್ಮು, ಏದುಸಿರು ಶುರುವಾಯಿತು. ಮೈ ಸೊರಗುತ್ತಾ ಬಂತು. ನಾಲ್ಕು ಮೆಟ್ಟಿಲು ಹತ್ತಲೂ ಆಗದ ಸ್ಥಿತಿ. ಎಕ್ಸ್-ರೇ ತೆಗೆದರೆ ಶ್ವಾಸಕೋಶದ ತುಂಬ ಸಣ್ಣ ಸಣ್ಣ ಚುಕ್ಕಿಗಳು. ಕ್ಷಯವಿರಬಹುದೆಂದು ವೈದ್ಯರು ಶಂಕಿಸಿದರು. ಆದರೆ ಕಫದಲ್ಲಿ ಕ್ಷಯದ ರೋಗಾಣು ಸಿಗಲಿಲ್ಲ. ಹಾಗಾದರೆ ಕಾರಣವೇ ಗೊತ್ತಿಲ್ಲದ ‘ಸಾರ್ಕಾಯ್ಡ್’ ಎಂಬ ಕಾಯಿಲೆ ಇರಬೇಕೆಂದರು. ಒಂದೇ ಊರಿನಲ್ಲಿ ಇಷ್ಟೊಂದು ಜನರಿಗೆ ಬಂದದ್ದರಿಂದ ‘ಸೇಲಂ ಸಾರ್ಕಾಯ್ಡ್’ ಎಂದು ಊರಿನ ಹೆಸರನ್ನೇ ಅದಕ್ಕೆ ಅಂಟಿಸಿದರು. ರೋಗಕ್ಕೆ ಹೆಸರು ಸಿಕ್ಕಿತು, ಕಾರಣ ಸಿಗಲಿಲ್ಲ.

ಕಾರಣವನ್ನು ಹುಡುಕಿದವಳು ಡಾ. ಹ್ಯಾರಿಯೆಟ್ ಹಾರ್ಡಿ. ರಾಜ್ಯದ ಔದ್ಯೋಗಿಕ ಆರೋಗ್ಯ ಇಲಾಖೆಯಲ್ಲಿದ್ದ ಈ ವೈದ್ಯೆ ಎಕ್ಸ್-ರೇ ಫಿಲ್ಮುಗಳನ್ನು ನೋಡಿ ಸುಮ್ಮನಾಗಲಿಲ್ಲ. ರೋಗಿಗಳ ಬಳಿ ಹೋಗಿ ‘ನೀನು ಕಾರ್ಖಾನೆಯಲ್ಲಿ ಏನು ಕೆಲಸ ಮಾಡುತ್ತಿದ್ದೆ?’ ಎಂಬ ಪ್ರಶ್ನೆಯನ್ನು ಹಿಡಿದು ಹೊರಟಳು. ಈಗ ನಮಗೆ ಇದು ಸಾಮಾನ್ಯ ಪ್ರಶ್ನೆಯೆನಿಸಬಹುದು. ಆದರೆ ರೋಗಿಯ ಹೆಸರು, ವಯಸ್ಸು, ಜ್ವರ ಕೇಳುವ ಎಷ್ಟು ವೈದ್ಯರು ಇಂದಿಗೂ ಅವರ ಕೆಲಸವನ್ನು ಕೇಳುತ್ತಾರೆ?

ಹಾರ್ಡಿಯ ದಾರಿ ಸುಲಭವಿರಲಿಲ್ಲ. ಬೆರಿಲಿಯಂ ತೆಗೆಯುವ ಕಾರ್ಖಾನೆಗಳಲ್ಲಿ ಕೆಲಸಗಾರರ ಶ್ವಾಸಕೋಶ ಕೆಡುತ್ತದೆಂದು 1930ರ ದಶಕದಲ್ಲೇ ಜರ್ಮನಿ ಮತ್ತು ರಷ್ಯಾದಿಂದ ವರದಿಗಳು ಬಂದಿದ್ದವು. 1943ರಲ್ಲಿ ಅಮೆರಿಕದ ಓಹಿಯೋದಿಂದಲೂ ಬಂದಿತ್ತು. ಆದರೆ ಅದೇ ವರ್ಷ ಅಮೆರಿಕ ಸರಕಾರದ ಸಾರ್ವಜನಿಕ ಆರೋಗ್ಯ ಸೇವೆ, ತೊಂದರೆ ಬೆರಿಲಿಯಂನದಲ್ಲ, ಅದರ ಜೊತೆ ಸೇರಿರುವ ಆಮ್ಲದ ಅಂಶದ್ದು ಎಂದು ತೀರ್ಪು ಕೊಟ್ಟಿತ್ತು. ಸರಕಾರದ ಮುದ್ರೆ ಬಿದ್ದ ಮಾತಿನ ಎದುರು ಕೆಮ್ಮುವ ಹುಡುಗಿಯರ ಮಾತಿಗೆ ಬೆಲೆ ಎಲ್ಲಿ?

ರೋಗದ ಸ್ವಭಾವವೂ ಸತ್ಯವನ್ನು ಮರೆಮಾಡುವಂತಿತ್ತು. ಒಂದೇ ಮೇಜಿನಲ್ಲಿ ಕುಳಿತ ಹತ್ತು ಜನರಲ್ಲಿ ಒಬ್ಬಳಿಗೆ ಬರುತ್ತಿತ್ತು, ಉಳಿದವರು ಆರೋಗ್ಯವಾಗಿರುತ್ತಿದ್ದರು. ಕೆಲವರಿಗೆ ಕೆಲಸ ಬಿಟ್ಟು ವರ್ಷಗಳಾದ ಮೇಲೆ ಕಾಣಿಸಿಕೊಳ್ಳುತ್ತಿತ್ತು. ಮದುವೆಯಾಗಿ, ಕೆಲಸ ಬಿಟ್ಟು, ಬಸುರಿ ಬಾಣಂತನದ ಹೊತ್ತಿನಲ್ಲಿ ಉಸಿರು ಕಟ್ಟತೊಡಗಿದರೆ ಹಳೆಯ ಕಾರ್ಖಾನೆಯ ಪುಡಿಯನ್ನು ಯಾರು ನೆನೆಯುತ್ತಾರೆ? ಇದು ವಿಷವು ಮೈಯನ್ನು ನೇರವಾಗಿ ಸುಡುವ ಕಾಯಿಲೆಯಲ್ಲ, ದೇಹದ ರಕ್ಷಣಾ ವ್ಯವಸ್ಥೆಯೇ ಬೆರಿಲಿಯಂನ ವಿರುದ್ಧ ಕೆರಳಿ ತನ್ನ ಶ್ವಾಸಕೋಶವನ್ನು ತಾನೇ ಕೆಡಿಸಿಕೊಳ್ಳುವ ಕಾಯಿಲೆ ಎಂಬುದು ಬಹಳ ತಡವಾಗಿ ತಿಳಿಯಿತು. ಕೆಲವರಲ್ಲಿ ಹುಟ್ಟಿನಿಂದ ಬಂದ ವಂಶವಾಹಿಯೊಂದು ಈ ಕೆರಳಿಕೆಗೆ ದಾರಿ ಮಾಡಿಕೊಡುತ್ತದೆ ಎಂಬುದು ಗೊತ್ತಾದದ್ದು 1993ರಲ್ಲಿ. 1946ರಲ್ಲಿ ಹಾರ್ಡಿಯ ಕೈಯಲ್ಲಿ ಈ ಯಾವ ತಿಳಿವಳಿಕೆಯೂ ಇರಲಿಲ್ಲ. ಆಕೆಯ ಬಳಿ ಇದ್ದದ್ದು ಹೆಸರುಗಳ ಪಟ್ಟಿ ಮತ್ತು ತಾಳ್ಮೆ.

ಆ ವರ್ಷ ಆಕೆ ಸಹೋದ್ಯೋಗಿ ಇರ್ವಿಂಗ್ ಟಬರ್‌ಷಾ ಜೊತೆಗೂಡಿ 17 ರೋಗಿಗಳ ವಿವರವನ್ನು ಪ್ರಕಟಿಸಿದಳು. ಈ ಹದಿನೇಳು ಜನರನ್ನು ಜೋಡಿಸುತ್ತಿದ್ದ ಎಳೆ ಒಂದೇ: ಬೆರಿಲಿಯಂ ಇದ್ದ ಪುಡಿ. ಮರುವರ್ಷ ಸರಾನಾಕ್ ಲೇಕ್ ಎಂಬಲ್ಲಿ ತಜ್ಞರ ವಿಚಾರಗೋಷ್ಠಿ ನಡೆಯಿತು. ಇತರ ಊರುಗಳಿಂದಲೂ ಪ್ರಕರಣಗಳು ಹೊರಬರತೊಡಗಿದವು. ಓಹಿಯೋದ ಲೊರೇನ್‌ನಲ್ಲಿ ಬೆರಿಲಿಯಂ ತೆಗೆಯುವ ಕಾರ್ಖಾನೆಯೊಳಗೆ ಕಾಲಿಡದ ನೆರೆಹೊರೆಯವರಿಗೂ ರೋಗ ತಗಲಿತ್ತು. ಕೆಲಸಗಾರರ ಧೂಳು ಮೆತ್ತಿದ ಬಟ್ಟೆ ಒಗೆದ ಮನೆಯ ಹೆಂಗಸರಿಗೂ ತಗಲಿತ್ತು. ಒಡೆದ ಟ್ಯೂಬಿನ ಗಾಜು ಚುಚ್ಚಿದವರ ಗಾಯ ಮಾಯದೆ ಗಂಟುಕಟ್ಟಿಕೊಂಡ ಉದಾಹರಣೆಗಳೂ ಸಿಕ್ಕವು.

ಕೊನೆಗೆ 1949ರಲ್ಲಿ ಅಮೆರಿಕದ ದೀಪದ ಕಂಪನಿಗಳು ಬೆರಿಲಿಯಂ ಪುಡಿಯನ್ನು ಕೈಬಿಟ್ಟವು. ಹಾರ್ಡಿ ಅಷ್ಟಕ್ಕೇ ಕೈತೊಳೆದುಕೊಳ್ಳಲಿಲ್ಲ. 1952ರಲ್ಲಿ ಬೆರಿಲಿಯಂ ರೋಗಿಗಳ ದಾಖಲೆಗೆಂದೇ ಒಂದು ನೋಂದಣಿಯನ್ನು ಆರಂಭಿಸಿದಳು. ಮುಂದಿನ ಮೂರು ದಶಕಗಳಲ್ಲಿ ವಿವಿಧ ಉದ್ಯಮಗಳ ಸುಮಾರು 900 ಜನರ ವಿವರ ಅದರಲ್ಲಿ ಸೇರಿತು. ಎಣಿಕೆಗೆ ಸಿಗದವರು ಇಲ್ಲದವರಾಗಿಬಿಡುತ್ತಾರೆ ಎಂಬುದನ್ನು ಆಕೆ ಬಲ್ಲವಳಾಗಿದ್ದಳು.

ಬೆರಿಲಿಯಂ ದೀಪದಿಂದ ಹೊರಬಿತ್ತೇ ಹೊರತು ಕಾರ್ಖಾನೆಗಳಿಂದ ಅಲ್ಲ. ಅಣುಬಾಂಬಿಗೆ, ವಿಮಾನಕ್ಕೆ ಅದು ಬೇಕಿತ್ತು. ಒಂದು ಘನಮೀಟರ್ ಗಾಳಿಯಲ್ಲಿ 2 ಮೈಕ್ರೋಗ್ರಾಂ ಮೀರಬಾರದೆಂಬ ಮಿತಿಯನ್ನು 1949ರಲ್ಲಿ ಅಮೆರಿಕದ ಅಣುಶಕ್ತಿ ಆಯೋಗ ಅಳವಡಿಸಿಕೊಂಡಿತು. ಆ ಮಿತಿ ಸಾಲದು, ಅದರೊಳಗೆ ಕೆಲಸ ಮಾಡಿದವರಿಗೂ ರೋಗ ಬರುತ್ತಿದೆ ಎಂದು ವೈದ್ಯರು ಹೇಳುತ್ತಲೇ ಇದ್ದರು. ಅದನ್ನು ಹತ್ತನೇ ಒಂದು ಪಾಲಿಗೆ ಇಳಿಸುವ ಆದೇಶ ಬಂದದ್ದು 2017ರಲ್ಲಿ. ನಡುವೆ ಕಳೆದದ್ದು 68 ವರ್ಷ!

ಎಲುಬಿನ ಬಂಧು

ಬೆರಿಲಿಯಂನ ಜಾಗಕ್ಕೆ ಬಂದ ಪುಡಿ ಯಾವುದು? ಇಲ್ಲಿಯೇ ಈ ಚರಿತ್ರೆಯ ವಿಪರ್ಯಾಸವಿದೆ. ಆ ಪುಡಿಯನ್ನು 1942ರಲ್ಲೇ ಇಂಗ್ಲೆಂಡಿನ ವೆಂಬ್ಲಿಯ ಪ್ರಯೋಗಾಲಯದಲ್ಲಿ ಮೆಕ್‌ಕೀಗ್ ಮತ್ತು ರ‍್ಯಾನ್‌ಬಿ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಕಂಡುಹಿಡಿದಿದ್ದರು. ಅದು ಕ್ಯಾಲ್ಸಿಯಂ ಹ್ಯಾಲೋಫಾಸ್ಫೇಟ್. ನಮ್ಮ ಎಲುಬು, ಹಲ್ಲುಗಳನ್ನು ಕಟ್ಟಿರುವ ಖನಿಜದ ಕುಟುಂಬಕ್ಕೇ ಸೇರಿದ ಪದಾರ್ಥ. ಅದಕ್ಕೆ ಚೂರು ಆಂಟಿಮನಿ ಬೆರೆಸಿದರೆ ನೀಲಿ, ಚೂರು ಮ್ಯಾಂಗನೀಸ್ ಬೆರೆಸಿದರೆ ಕಿತ್ತಳೆ ಬೆಳಕು. ಎರಡನ್ನೂ ಹದವಾಗಿ ಸೇರಿಸಿದರೆ ಒಂದೇ ಪುಡಿಯಿಂದ ಬಿಳಿ ಬೆಳಕು. ನಾಲ್ಕೈದು ಪುಡಿಗಳನ್ನು ಕಲಸುವ ತಾಪತ್ರಯವಿಲ್ಲ. ಅಗ್ಗ, ಸುಲಭ, ಬೆಳಕೂ ಹೆಚ್ಚು.

ಕೆಲಸಗಾರರ ಮೇಲಿನ ಕರುಣೆಯಿಂದ ಇದು ಹುಟ್ಟಿದ್ದಲ್ಲ, ಒಳ್ಳೆಯ ಬೆಳಕಿನ ಹುಡುಕಾಟದಲ್ಲಿ ಸಿಕ್ಕಿದ್ದು. ಆದರೂ ಒಂದು ಮಾತನ್ನು ನೆನಪಿಡಬೇಕು. ಇಂಗ್ಲೆಂಡಿನಲ್ಲಿ ಇದು ಸಿಕ್ಕ ಮೇಲೂ ಅಮೆರಿಕದ ಕಾರ್ಖಾನೆಗಳಲ್ಲಿ ಏಳು ವರ್ಷ ಬೆರಿಲಿಯಂ ಪುಡಿ ಹಾರುತ್ತಿತ್ತು. ‘ಬೇರೆ ದಾರಿಯೇ ಇರಲಿಲ್ಲ’ ಎಂಬ ಸಮರ್ಥನೆಯನ್ನು ಪ್ರತಿಯೊಂದು ಕೈಗಾರಿಕಾ ದುರಂತದ ಬಳಿಕ ನಾವು ಕೇಳುತ್ತೇವೆ. ದಾರಿ ಇತ್ತು. ಅದರಲ್ಲಿ ನಡೆಯುವ ಅವಸರ ಯಾರಿಗೂ ಇರಲಿಲ್ಲ.

ಬೆರಿಲಿಯಂ ಹೋದ ಮೇಲೆ ಕೆಲವು ದಶಕಗಳ ಕಾಲ ಜಗತ್ತಿನ ಟ್ಯೂಬ್‌ಲೈಟುಗಳನ್ನು ಆಳಿದ್ದು ಈ ಹ್ಯಾಲೋಫಾಸ್ಫೇಟ್. ನಮ್ಮ ಬಾಲ್ಯದಲ್ಲಿ ಬೆರಳಿಗೆ ಅಂಟುತ್ತಿದ್ದ ಪುಡಿ ಇದೇ. ಹಿರಿಯರು ‘ವಿಷ’ ಎಂದದ್ದು ಸುಳ್ಳಾಗಿರಲಿಲ್ಲ. ಒಡೆದ ಕೊಳವೆಯಿಂದ ಪಾದರಸದ ಆವಿ ಹೊರಬರುತ್ತಿತ್ತು, ಪುಡಿಯಲ್ಲೂ ಪಾದರಸ ಸೇರಿಕೊಂಡಿರುತ್ತಿತ್ತು.

ಹ್ಯಾಲೋಫಾಸ್ಫೇಟಿನ ಬೆಳಕಿಗೆ ಒಂದು ಕುಂದಿತ್ತು. ಕೆಂಪು ಅದರಲ್ಲಿ ಕಡಿಮೆ. ಬಟ್ಟೆ ಅಂಗಡಿಯಲ್ಲಿ ಸೀರೆ ಆರಿಸಿದ ಹೆಂಗಸರು ಅದನ್ನು ಬಾಗಿಲ ಬಳಿ ಹಗಲಿನ ಬೆಳಕಿಗೆ ಹಿಡಿದು ‘ಇದರ ನಿಜವಾದ ಬಣ್ಣ ಯಾವುದು?’ ಎಂದು ನೋಡುತ್ತಿದ್ದುದನ್ನು ನಾವು ಬಲ್ಲೆವು. ಅಂಗಡಿಯವನು ಮೋಸ ಮಾಡುತ್ತಿದ್ದಾನೆಂದಲ್ಲ. ಪುಡಿಯೇ ಬಣ್ಣದ ವಿಷಯದಲ್ಲಿ ಅರ್ಧ ಸತ್ಯ ಹೇಳುತ್ತಿತ್ತು.

1971ರಲ್ಲಿ ಹಾಲೆಂಡಿನ ಫಿಲಿಪ್ಸ್ ಕಂಪನಿಯ ಕೂಡಮ್ ಮತ್ತು ಒಪ್ಸ್‌ಟೆಲ್ಟನ್, ಅಮೆರಿಕದ ವಿಲಿಯಂ ಥಾರ್ನ್‌ಟನ್ ಬೇರೆ ಬೇರೆಯಾಗಿ ಒಂದೇ ತೀರ್ಮಾನಕ್ಕೆ ಬಂದರು: ಕಾಮನಬಿಲ್ಲಿನ ಎಲ್ಲ ಬಣ್ಣಗಳೂ ಬೇಕಿಲ್ಲ, ನೀಲಿ, ಹಸಿರು, ಕೆಂಪು ಈ ಮೂರನ್ನು ಸರಿಯಾದ ಜಾಗದಲ್ಲಿ ಕೊಟ್ಟರೆ ಕಣ್ಣು ತೃಪ್ತಿಪಡುತ್ತದೆ. 1974ರಲ್ಲಿ ಫಿಲಿಪ್ಸ್‌ನ ವೆರ್ಸ್ಟೆಗನ್ ಮತ್ತು ಸಂಗಡಿಗರು ಯುರೋಪಿಯಂ, ಟೆರ್ಬಿಯಂ, ಇಟ್ರಿಯಂ ಮುಂತಾದ ವಿರಳ ಭಸ್ಮ ಧಾತುಗಳನ್ನು ಬಳಸಿ ಅಂತಹ ಮೂರು ಪುಡಿಗಳನ್ನು ಸಿದ್ಧಪಡಿಸಿದರು. ಇವು ಹೆಚ್ಚು ತೀಕ್ಷ್ಣವಾದ ಅತಿನೇರಳೆ ಕಿರಣವನ್ನೂ ತಾಳಿಕೊಳ್ಳುತ್ತಿದ್ದವು. ಹಾಗಾಗಿ ಕೊಳವೆಯನ್ನು ಸಪೂರ ಮಾಡಿ, ಬಾಗಿಸಿ, ಬಲ್ಬಿನ ಹೋಲ್ಡರಿಗೆ ಸಿಕ್ಕಿಸಲು ಸಾಧ್ಯವಾಯಿತು. 1980ರಲ್ಲಿ ಮಾರುಕಟ್ಟೆಗೆ ಬಂದು, ಮುಂದೆ ನಮ್ಮ ಮನೆಗಳನ್ನೂ ತುಂಬಿದ ಸಿಎಫ್‌ಎಲ್ ಹುಟ್ಟಿದ್ದು ಹೀಗೆ. 2009ರಲ್ಲಿ ಕೇಂದ್ರ ಸರಕಾರ ‘ಬಚತ್ ಲ್ಯಾಂಪ್ ಯೋಜನೆ’ಯಡಿ ಹಳೆಯ ಬಲ್ಬಿನ ಬದಲಿಗೆ ಅಗ್ಗದ ಬೆಲೆಗೆ ಸಿಎಫ್‌ಎಲ್ ಕೊಡಿಸಲು ಹೊರಟಿತು. ವಿದ್ಯುತ್ ಉಳಿಯಿತು ನಿಜ. ಆದರೆ ಹಾಳಾದ ಸಿಎಫ್‌ಎಲ್ ಎಲ್ಲಿಗೆ ಹೋಯಿತು? ನಮ್ಮಲ್ಲಿ ಹೆಚ್ಚಿನವರು ಅದನ್ನು ಮನೆಯ ಕಸದ ಜೊತೆಯಲ್ಲೇ ಹಾಕಿದೆವು. ಆ ಕಸದ ರಾಶಿಯಲ್ಲಿ ಗಾಜು, ಲೋಹ ಆಯ್ದು ಹೊಟ್ಟೆ ಹೊರೆಯುವವರ ಬೆರಳುಗಳಿಗೆ ಪುಡಿ ಅಂಟಿತು. ವಿರಳ ಭಸ್ಮ ಧಾತುಗಳ ಗಣಿಗಾರಿಕೆಯೂ ನಿರಪಾಯದ್ದಲ್ಲ. ಚೀನಾದ ಬಾವೊಟೌ ನಗರದ ಬಳಿ ಅದಿರಿನ ಗಸಿ ತುಂಬಿದ ಬೃಹತ್ ಕೆರೆಯೇ ಇದಕ್ಕೆ ಸಾಕ್ಷಿ.

ಬೀಳ್ಕೊಡುಗೆಯ ಹೊತ್ತು

ಪಾದರಸದ ವಿಷದಿಂದ ಜಪಾನಿನ ಮಿನಮಾಟಾದ ಮೀನುಗಾರರ ಕುಟುಂಬಗಳು ಅನುಭವಿಸಿದ ಯಾತನೆ ಜಗತ್ತಿಗೆ ತಿಳಿದದ್ದೇ. ಆ ಊರಿನ ಹೆಸರಿನಲ್ಲಿ 2013ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವೊಂದು ಏರ್ಪಟ್ಟಿತು. ಭಾರತವೂ 2018ರಲ್ಲಿ ಅದನ್ನು ಅನುಮೋದಿಸಿದೆ. 2023ರಲ್ಲಿ ಜಿನೀವಾದಲ್ಲಿ ಸೇರಿದ ಸದಸ್ಯ ರಾಷ್ಟ್ರಗಳು ಸಾಮಾನ್ಯ ಬೆಳಕಿಗೆ ಬಳಸುವ ಟ್ಯೂಬ್‌ಲೈಟುಗಳ ತಯಾರಿಕೆ, ಆಮದು, ರಫ್ತನ್ನು 2027ರೊಳಗೆ ಹಂತ ಹಂತವಾಗಿ ನಿಲ್ಲಿಸಲು ತೀರ್ಮಾನಿಸಿದವು. ಇತ್ತ ನಮ್ಮ ರಾಜ್ಯದಲ್ಲಿ 2015ರಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಲ್ಲೇ ಎಲ್‌ಇಡಿ ಬಲ್ಬುಗಳ ಹಂಚಿಕೆ ಆರಂಭವಾಗಿತ್ತು.

ಹೊಸ ಬೆಳಕಿನಲ್ಲಿ ಪಾದರಸವಿಲ್ಲ. ಆದರೆ ಪುಡಿ ಮಾತ್ರ ಇದೆ! ಎಲ್‌ಇಡಿ ಬಲ್ಬಿನ ಮುಚ್ಚಳ ತೆಗೆದು ನೋಡಿದರೆ ಒಳಗೆ ಹಳದಿ ಬಣ್ಣದ ಸಣ್ಣ ಚೌಕಗಳು ಕಾಣುತ್ತವೆ. ಆ ಹಳದಿಯೇ ಫಾಸ್ಫರ್. ಜಪಾನಿನ ಅಕಸಾಕಿ, ಅಮಾನೊ ಮತ್ತು ಜಪಾನ್ ಮೂಲದ ನಕಮುರಾ ಅವರಿಗೆ 2014ರ ನೊಬೆಲ್ ತಂದುಕೊಟ್ಟ ನೀಲಿ ಎಲ್‌ಇಡಿಯ ಬೆಳಕನ್ನು ಬಿಳಿಯಾಗಿಸುವುದು ಸೀರಿಯಂ ಬೆರೆಸಿದ ಆ ಪುಡಿ. ಬೊಲೋನ್ಯಾದ ಕಲ್ಲಿನಿಂದ ಹೊರಟ ಪಯಣ ಮುಗಿದಿಲ್ಲ, ವೇಷ ಬದಲಿಸಿದೆ ಅಷ್ಟೆ.

ಆದ್ದರಿಂದ ಪ್ರಶ್ನೆಯೂ ಮುಗಿದಿಲ್ಲ. ಕೋಲಾರದ ಚಿನ್ನದ ಗಣಿಯ ಕಲ್ಲಿನ ಧೂಳು ಎಷ್ಟು ಕಾರ್ಮಿಕರ ಶ್ವಾಸಕೋಶಕ್ಕೆ ಸಿಲಿಕೋಸಿಸ್ ತಂದಿತೆಂಬುದನ್ನು ಕನ್ನಡ ನಾಡು ಬಲ್ಲದು. ನಮ್ಮ ಕೇರಿಗಳಲ್ಲಿ ಮೊರದ ಮುಂದೆ ಕುಳಿತು ಬೀಡಿ ಕಟ್ಟುವ, ಅಗರಬತ್ತಿ ಹೊಸೆಯುವ ತಾಯಂದಿರು ದಿನವಿಡೀ ಉಸಿರಾಡುವುದೂ ಪುಡಿಯನ್ನೇ. ಅವರು ಕೆಮ್ಮಿದಾಗ ‘ಹವಾಮಾನ ಬದಲಾಯಿತು, ಅದಕ್ಕೆ’ ಎಂದು ನಾವು ಸುಮ್ಮನಾಗುತ್ತೇವೆ. ಔಷಧಿ ಬರೆಯುವ ವೈದ್ಯರು ‘ಅಮ್ಮಾ, ನೀವು ಏನು ಕೆಲಸ ಮಾಡುತ್ತೀರಿ?’ ಎಂದು ಕೇಳುವುದು ಅಪರೂಪ.

ಸೇಲಂನ ಹುಡುಗಿಯರ ವಿಷಯದಲ್ಲಿ ಆ ಒಂದು ಪ್ರಶ್ನೆಯನ್ನು ಒಬ್ಬ ವೈದ್ಯೆ ಕೇಳಿದ್ದರಿಂದ ಒಂದು ಪುಡಿ ದೀಪದಿಂದ ಹೊರಬಿತ್ತು. ಆಮೇಲೆ ಟ್ಯೂಬ್‌ಲೈಟಿನ ಕೆಳಗೆ ಕುಳಿತು ಓದಿದ ನಾವೆಲ್ಲ, ಹೆಸರು ಗೊತ್ತಿಲ್ಲದ ಆ ಹದಿನೇಳು ಜನರ ಋಣಿಗಳು. ಗೋಡೆಯಿಂದ ಹಳೆಯ ಟ್ಯೂಬನ್ನು ಇಳಿಸುವಾಗ ಅದನ್ನು ಒಡೆಯದೆ, ತಿಪ್ಪೆಗೆ ಎಸೆಯದೆ, ಅಪಾಯಕಾರಿ ಕಸವೆಂದು ಬೇರೆಯಾಗಿಟ್ಟು ಸಂಗ್ರಹಿಸುವವರ ಕೈಗೆ ಜೋಪಾನವಾಗಿ ಒಪ್ಪಿಸೋಣ. ಅದನ್ನು ಮುಂದೆ ಮುಟ್ಟಲಿರುವ ಕೈಗಳಿಗಾಗಿ ಇಷ್ಟು ಮಾಡುವುದು ನಮ್ಮಿಂದ ಆಗದ ಕೆಲಸವೇನಲ್ಲ.